ಹಲ್ಲಿನ ಕ್ಯಾಪ್ ಕಳಚಿಬಿದ್ದರೆ ತಪ್ಪು ಬರೀ ಸಿಮೆಂಟ್‌ನದ್ದಾ?

ರೂಟ್ ಕೆನಾಲ್ ಮಾಡಿಸಿ, ಸಾವಿರಾರು ರೂಪಾಯಿ ಕೊಟ್ಟು ಕ್ಯಾಪ್ ಹಾಕಿಸಿಕೊಂಡಿರ್ತೀವಿ. ಒಂದಿನ ಚಕ್ಕುಲಿ ಕಡಿಯುವಾಗ ಅದು ಕೈಗೇ ಬರುತ್ತೆ. ಆಗ ಎಲ್ಲರೂ ಹೇಳೋದು ಒಂದೇ: ‘ಡಾಕ್ಟರು ಒಳ್ಳೆ ಗಮ್ ಹಾಕಿಲ್ಲ.’ ನಾನು ಕಾಮರ್ಸ್ ಓದಿದವನು, ಡೆಂಟಿಸ್ಟ್ ಅಲ್ಲ. ಆದ್ರೆ ಈ ಎಪಿಸೋಡ್‌ಗೆ ಅಂತ ಓದ್ತಾ ಹೋದಾಗ ಒಂದು ವಿಷಯ ಸ್ಪಷ್ಟವಾಯ್ತು. ಸಿಮೆಂಟ್ ಎಷ್ಟೇ ದುಬಾರಿ ಆಗಿರಲಿ, ಅದಕ್ಕೆ ಮುಂಚಿನ ತಯಾರಿ ಕೆಟ್ಟರೆ ಕ್ಯಾಪ್ ನಿಲ್ಲಲ್ಲ.

ಮೊದಲನೆಯದು ಹಲ್ಲಿನ ಆಕಾರ. ಕ್ಯಾಪ್ ಕೂರಿಸೋಕೆ ಹಲ್ಲನ್ನು ಸುತ್ತಲೂ ಡ್ರಿಲ್‌ನಿಂದ ತಿದ್ದಿ ಸಣ್ಣದು ಮಾಡ್ತಾರೆ. ಉಳಿದ ಗೋಡೆ ನೆಟ್ಟಗಿದ್ದಷ್ಟೂ ಹಿಡಿತ ಜಾಸ್ತಿ. ಮೇಲಕ್ಕೆ ಹೋಗ್ತಾ ತೀರಾ ಕಿರಿದಾದರೆ ಟೋಪಿ ಥರ ಕಳಚುತ್ತೆ. ದವಡೆ ಹಲ್ಲಿನಲ್ಲಿ ಕನಿಷ್ಠ 4 ಮಿಲಿಮೀಟರ್ ಎತ್ತರ ಉಳಿದಿರಬೇಕು ಅನ್ನೋದು ದಂತವೈದ್ಯರ ಲೆಕ್ಕ.

ಎರಡನೆಯದು, ಸಿಮೆಂಟ್ ಯಾವುದು ಅನ್ನೋದು. ಹಳೆಯ ಜಿಂಕ್ ಫಾಸ್ಫೇಟ್ ಹಲ್ಲಿಗೆ ರಾಸಾಯನಿಕವಾಗಿ ಅಂಟೋದೇ ಇಲ್ಲ. ಸಣ್ಣ ಉಬ್ಬುತಗ್ಗುಗಳಲ್ಲಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತೆ ಅಷ್ಟೆ. ಗ್ಲಾಸ್ ಅಯನೋಮರ್ ಹಲ್ಲಿನ ಕ್ಯಾಲ್ಸಿಯಂ ಜೊತೆ ಬೆಸೆಯುತ್ತೆ. ರೆಸಿನ್ ಸಿಮೆಂಟ್ ಇನ್ನೂ ಬಲ, ಆದ್ರೆ ಅಷ್ಟೇ ನಾಜೂಕು. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್, ಎನಾಮಲ್‌ಗೆ ಫಾಸ್ಫಾರಿಕ್ ಆಮ್ಲ ಸವರಿ ಒರಟು ಮಾಡಿದರೆ ರೆಸಿನ್ ಚೆನ್ನಾಗಿ ಹಿಡಿಯುತ್ತೆ ಅಂತ ತೋರಿಸಿದ್ರು. ರೆಸಿನ್ ಅಂಟಿಸೋ ವಿದ್ಯೆಗೆ ಬುನಾದಿ ಅದೇ.

ಮೂರನೆಯದು ತೇವ. ಆಮ್ಲ ಸವರಿ ತೊಳೆದ ಹಲ್ಲಿಗೆ ಜೊಲ್ಲೋ ವಸಡಿನ ರಕ್ತವೋ ತಾಗಿದರೆ ಹಿಡಿತ ಹೋಯ್ತು. ಹಾಗಂತ ಪೂರ್ತಿ ಒಣಗಿಸಿದರೂ ಕಷ್ಟ. ಎನಾಮಲ್ ಕೆಳಗಿನ ಡೆಂಟಿನ್‌ನಲ್ಲಿ ಕೊಲಾಜನ್ ಎಳೆಗಳು ಕುಸಿದು, ರೆಸಿನ್ ಒಳಗಿಳಿಯೋಕೆ ಜಾಗ ಇರಲ್ಲ. ಇನ್ನೊಂದು, ತಾತ್ಕಾಲಿಕ ಕ್ಯಾಪ್‌ಗೆ ಯೂಜಿನಾಲ್ ಇರೋ ಸಿಮೆಂಟ್ ಬಳಸಿದ್ದರೆ ಅದನ್ನು ಪೂರ್ತಿ ತೆಗೆದಿರಬೇಕು. ಲವಂಗದ ಎಣ್ಣೆಯಲ್ಲಿರೋ ಈ ಅಂಶ ರೆಸಿನ್ ಗಟ್ಟಿಯಾಗೋದಕ್ಕೆ ಅಡ್ಡಿ ಮಾಡುತ್ತೆ.

ಕೊನೆಯದು ಕ್ಯಾಪ್‌ನ ಒಳಮೈ. ಗಾಜಿನಂಶ ಇರೋ ಸೆರಾಮಿಕ್ ಕ್ಯಾಪನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಒರಟು ಮಾಡ್ತಾರೆ. ಜಿರ್ಕೋನಿಯಾದಲ್ಲಿ ಗಾಜಿಲ್ಲ, ಆ ಉಪಾಯ ನಡೆಯಲ್ಲ. ಅದನ್ನು ರೆಸಿನ್‌ನಿಂದ ಅಂಟಿಸೋದಾದ್ರೆ, ಅಲ್ಯುಮಿನಾ ಪುಡಿಯನ್ನು ರಭಸವಾಗಿ ಊದಿ, ಎಂಡಿಪಿ ಅನ್ನೋ ರಾಸಾಯನಿಕ ಇರೋ ಪ್ರೈಮರ್ ಹಚ್ಚಬೇಕು. ಅಳತೆ ನೋಡೋಕೆ ಬಾಯಲ್ಲಿಟ್ಟು ತೆಗೆದರೂ ಜೊಲ್ಲಿನ ಫಾಸ್ಫೇಟ್ ಒಳಮೈಯಲ್ಲಿ ಕೂತುಬಿಡುತ್ತೆ; ಬರೀ ನೀರಲ್ಲಿ ತೊಳೆದರೆ ಸಾಲದು.

ಇದೆಲ್ಲ ನಮಗ್ಯಾಕೆ ಅಂತೀರಾ? ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರ ಇರಲ್ಲ. ಸಡಿಲವಾದ ಕ್ಯಾಪ್ ಕೆಳಗೆ ಅದು ಹುಳುಕಾಗ್ತಿದ್ರೂ ನೋವಾಗದೇ ಇರಬಹುದು. ಗೊತ್ತಾಗೋ ಹೊತ್ತಿಗೆ ಹಲ್ಲೇ ಕೀಳಿಸೋ ಸ್ಥಿತಿ ಬಂದಿರಬಹುದು.

ಹಾಗಾಗಿ ಕ್ಯಾಪ್ ಅಲ್ಲಾಡಿದರೆ ಕಾಯಬೇಡಿ. ಬಿದ್ದರೆ ಬಿಸಾಡದೆ ಡಬ್ಬಿಯಲ್ಲಿಟ್ಟು ತಗೊಂಡು ಹೋಗಿ. ಮನೇಲಿ ಫೆವಿಕ್ವಿಕ್ ಹಾಕೋ ಸಾಹಸ ಖಂಡಿತ ಬೇಡ. ‘ಡಾಕ್ಟ್ರೇ, ಬೇಗ ಅಂಟಿಸಿಕೊಡಿ’ ಅನ್ನೋ ಮುಂಚೆ ‘ಇದು ಯಾಕೆ ಬಿತ್ತು?’ ಅಂತ ಕೇಳಿ. ಗೋಡೆ ಗಿಡ್ಡವಾಗಿದ್ದರೆ, ಒಳಗೆ ಹುಳುಕಿದ್ದರೆ, ಬರೀ ಸಿಮೆಂಟ್ ಬದಲಾಯಿಸಿ ಪ್ರಯೋಜನ ಇಲ್ಲ. ಕ್ಯಾಪ್ ಮತ್ತೆ ಬೀಳುತ್ತೆ, ಬಿಲ್ಲೂ ಮತ್ತೆ ಬರುತ್ತೆ.