ಎರಡು ಮಳೆಗಾಲದ ಅರ್ಜಿ

ನಮ್ಮ ಮಲೆನಾಡಿನ ಮನೆಗಳಲ್ಲಿ ಮಗನೋ ಮಗಳೋ ಡಾಕ್ಟರೇಟ್ ಪದವಿಯನ್ನು ಪಡೆದು ಬಂದರೆಂದರೆ, ಓದಿನ ಅಧ್ಯಾಯವು ಅಲ್ಲಿಗೆ ಮುಗಿಯಿತೆಂದು ಹಿರಿಯರು ಸಮಾಧಾನಪಟ್ಟುಕೊಳ್ಳುವುದು ವಾಡಿಕೆ. ಆ ಮಗಳೇ ಕೆಲವು ತಿಂಗಳುಗಳ ಮೇಲೆ ಮತ್ತೊಂದು ಅರ್ಜಿಯನ್ನು ಮುಂದಿಟ್ಟುಕೊಂಡು ಕುಳಿತರೆ, "ಇನ್ನೂ ಓದುವುದಿದೆಯೇ?" ಎಂಬ ಪ್ರಶ್ನೆಯು ಏಳದೆ ಇರದು. ಗೋಣಿಬೀಡಿನ ಪರಿಚಿತರೊಬ್ಬರ ಮನೆಯಲ್ಲಿ ಈ ಪ್ರಶ್ನೆಯನ್ನು ನಾವೇ ಕೇಳಿ ನಾಚಿಕೊಂಡೆವು. ಅಲ್ಲಿ ತಿಳಿದುಕೊಂಡುದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಪೋಸ್ಟ್ ಡಾಕ್ಟರಲ್ ಫೆಲೋಷಿಪ್ಪೆಂಬುದು ವಿದ್ಯಾರ್ಥಿವೇತನವಲ್ಲ. ಸಂಶೋಧನೆಯ ಕ್ರಮವನ್ನು ಕಲಿತು ಮುಗಿಸಿದವರು, ಅನುಭವಿಗಳೊಬ್ಬರ ಆಶ್ರಯದಲ್ಲಿ, ತಮ್ಮದೇ ಆದ ಪ್ರಶ್ನೆಯೊಂದನ್ನು ಹಿಡಿದು, ಗೊತ್ತಾದ ಅವಧಿಯೊಳಗೆ ಮಾಡತಕ್ಕ ಕೆಲಸಕ್ಕೆ ಸಲ್ಲುವ ಸಂಭಾವನೆ ಅದು. ನಮ್ಮ ದೇಶದಲ್ಲಿ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್ನಿನ ರಾಷ್ಟ್ರೀಯ ಫೆಲೋಷಿಪ್ಪಿನ ಅವಧಿಯು ೨ ವರ್ಷ. ಇಂಥವುಗಳಿಗೆ ವಯಸ್ಸಿನ ಮಿತಿಯುಂಟು. ಸ್ತ್ರೀಯರೇ ಮೊದಲಾದವರಿಗೆ ಸಡಿಲಿಕೆಯೂ ಉಂಟು. ಆಯಾ ವರ್ಷದ ಪ್ರಕಟನೆಯನ್ನು ನೋಡಿಕೊಂಡೇ ಮುಂದುವರಿಯತಕ್ಕದ್ದು. ಆದುದರಿಂದ ಒಂದು ಅರ್ಜಿ ಕೆಟ್ಟರೆ ಕಾಗದ ಮಾತ್ರ ಕೆಡುವುದಿಲ್ಲ, ವಯಸ್ಸೂ ಕಳೆಯುತ್ತದೆ.

ಆ ಮನೆಯ ಮಗಳ ಮೊದಲನೆಯ ಅರ್ಜಿಯು ತಿರಸ್ಕೃತವಾಗಿತ್ತು. ಒಂದು ಸಂಜೆ ಜಗಲಿಯ ಮೇಲೆ ಕುಳಿತು ಆಕೆಯೇ ಅದನ್ನು ನಮಗೆಲ್ಲ ಓದಿ ಹೇಳಿದಳು. ಕಾಫಿಯ ತುಕ್ಕುರೋಗ, ಕೊಳೆರೋಗ, ಕಾಂಡಕೊರಕ, ಹವೆಯ ವ್ಯತ್ಯಾಸ, ಎಲ್ಲವೂ ಅದರಲ್ಲಿದ್ದುವು. ತಂದೆ ತೋಟಗಾರರು, ಕಸಿಯಾಗಲಿ ಕೊಯ್ಲಾಗಲಿ ಆಳಿನ ಲೆಕ್ಕವಿಲ್ಲದೆ ತೊಡಗುವವರಲ್ಲ. ಎಲ್ಲವನ್ನೂ ಕೇಳಿ, "ಇದಕ್ಕೆ ಎಷ್ಟು ಆಳು, ಎಷ್ಟು ವರ್ಷ?" ಎಂದರು. ಅರ್ಜಿಯಲ್ಲಿ ಉತ್ತರವಿರಲಿಲ್ಲ. ಪರೀಕ್ಷಕರೂ ಅದನ್ನೇ ಕೇಳಿರಬೇಕೆಂದು ನಮಗೆ ಆಗಲೇ ಹೊಳೆಯಿತು.

ಒಳ್ಳೆಯ ಪ್ರಶ್ನೆ ಹೇಗಿರಬೇಕೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಮೈಸೂರು ಸರ್ಕಾರದವರು ೧೯೨೫ರಲ್ಲಿ ಕಾಫಿ ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿದರು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಆ ಕಾಲದಲ್ಲಿ ಕೆಂಟ್ಸ್ ಎಂಬ ತಳಿಯು ತುಕ್ಕುರೋಗವನ್ನು ಮೊದಮೊದಲು ತಡೆದುಕೊಂಡು, ವರ್ಷಗಳು ಕಳೆದಂತೆ ಅದಕ್ಕೆ ತುತ್ತಾಯಿತು. ಗಿಡದ ಗುಣ ಕೆಟ್ಟಿತೇ, ರೋಗದ ಬೂಷ್ಟೇ ಬೇರೆಯದೇ? ವಿಲ್ಸನ್ ಮೇನ್ ಎಂಬ ವಿಜ್ಞಾನಿಗಳು ಈ ಒಂದೇ ಗಂಟನ್ನು ಬಿಚ್ಚಲು ತೊಡಗಿ, ೧೯೩೦ರ ದಶಕದಲ್ಲಿ ಆ ಬೂಷ್ಟಿನಲ್ಲಿಯೇ ಬೇರೆ ಬೇರೆ ಪ್ರಭೇದಗಳುಂಟೆಂದು ತೋರಿಸಿಕೊಟ್ಟರು. ಪ್ರಶ್ನೆ ಚಿಕ್ಕದು, ಆದರೆ ಉತ್ತರವು ಯಾವ ಕಡೆಗೆ ಬಂದಿದ್ದರೂ ಹೊಸ ತಳಿಯನ್ನು ಬೆಳೆಸುವವರಿಗೆ ದಾರಿ ಕಾಣುತ್ತಿತ್ತು. ಬಲವಾದ ಅರ್ಜಿಯ ಲಕ್ಷಣ ಇದೇ: ಒಂದು ಪ್ರಶ್ನೆ, ಯಾವ ಉತ್ತರ ಬಂದರೂ ವ್ಯರ್ಥವಾಗದ ಪ್ರಶ್ನೆ.

ಎರಡನೆಯದು ಅವಧಿಯ ಅಳತೆ. ಸಿಂಹಳದಲ್ಲಿ ೧೮೬೯ರಲ್ಲಿ ತುಕ್ಕುರೋಗವು ಕಾಣಿಸಿಕೊಂಡ ಬಳಿಕ, ಮಾರ್ಷಲ್ ವಾರ್ಡ್ ಎಂಬ ತರುಣರು ೧೮೮೦ರಿಂದ ೧೮೮೨ರ ವರೆಗೆ ಅಲ್ಲಿ ಅದನ್ನು ಪರಿಶೀಲಿಸಿದರು. ಸಿಂಹಳದ ಕಾಫಿಯನ್ನು ಉಳಿಸುವುದು ಅವರಿಂದಾಗಲಿಲ್ಲ. ಆದರೆ ಬೂಷ್ಟಿನ ಬೀಜಕಣವು ಗಾಳಿಯಲ್ಲಿ ಹರಡಿ, ಒದ್ದೆಯಾದ ಎಲೆಯ ಮೇಲೆ ಮೊಳೆತು ಒಳಹೊಗುತ್ತದೆಂಬುದನ್ನು ತಿಳಿಸಿಹೋದರು. ಎರಡು ವರ್ಷಗಳಲ್ಲಿ ಅಷ್ಟಾದರೆ ಅದು ಅಲ್ಪವಲ್ಲ. ಜಗತ್ತನ್ನೇ ಉದ್ಧರಿಸುವೆನೆಂಬ ಮಾತಿಗಿಂತ, ಇಂತಿಷ್ಟನ್ನು ಖಂಡಿತವಾಗಿ ಮಾಡುವೆನೆಂಬ ಮಾತಿಗೆ ಪರೀಕ್ಷಕರಲ್ಲಿ ಬೆಲೆ ಹೆಚ್ಚು.

ಇದನ್ನೆಲ್ಲ ಚರ್ಚಿಸಿದ ಮೇಲೆ ಆಕೆಯು ಅರ್ಜಿಯನ್ನು ಹೊಸದಾಗಿ ಬರೆದಳು. ದಟ್ಟ ನೆರಳಿನ ಗಿಡಕ್ಕೂ ತೆಳುನೆರಳಿನ ಗಿಡಕ್ಕೂ ಎಲೆಯ ಮೇಲೆ ನೀರು ನಿಲ್ಲುವ ಹೊತ್ತಿನಲ್ಲಿ ಎಷ್ಟು ಭೇದ, ಆ ಭೇದದಿಂದ ತುಕ್ಕುರೋಗವು ಹೆಚ್ಚುಕಡಿಮೆಯಾಗುವುದೇ, ಇಷ್ಟೇ ಪ್ರಶ್ನೆ. ತಂದೆಯವರು ಪಂಚಾಂಗವನ್ನು ತರಿಸಿ ತಿಂಗಳುಗಳನ್ನು ಎಣಿಸಿದರು. ಎರಡು ವರ್ಷವೆಂದರೆ ಎರಡೇ ಮಳೆಗಾಲ. ಕೆಲಸಕ್ಕೆ ಸೇರುವುದು ತಡವಾಗಿ ಒಂದು ತಪ್ಪಿದರೆ ಅರ್ಧ ಕೆಲಸವೇ ಹೋಯಿತು. ಹಾಗಾದರೆ ಏನು ಮಾಡುವುದೆಂಬುದನ್ನೂ ಆಕೆ ಅರ್ಜಿಯಲ್ಲಿ ಕಾಣಿಸಿದಳು. ಅಡ್ಡಿಯನ್ನು ಮೊದಲೇ ಕಂಡವರನ್ನು ನಂಬುವುದು ಸುಲಭ.

ಆಶ್ರಯ ಕೊಡತಕ್ಕ ವಿದ್ವಾಂಸರಿಗೆ ಬರೆಯುವ ಪತ್ರವೂ ಮುಖ್ಯವಾದುದು. ಮೊದಲು ಆಕೆ ಒಂದೇ ಪತ್ರವನ್ನು ಹತ್ತು ಮಂದಿಗೆ ಕಳುಹಿಸಿ, ಒಬ್ಬರಿಂದಲೂ ಉತ್ತರ ಕಾಣಲಿಲ್ಲ. ಎರಡನೆಯ ಸಲ ಒಬ್ಬರ ಪ್ರಬಂಧಗಳನ್ನೇ ಓದಿ, ಅವರ ಪ್ರಯೋಗಶಾಲೆಯಲ್ಲಿ ತನಗೆ ಬೇಕಾದುದೇನು, ತನ್ನಿಂದ ಅಲ್ಲಿಗೆ ದೊರೆಯುವುದೇನು ಎಂಬುದನ್ನು ಒಂದು ಪುಟದಲ್ಲಿ ಬರೆದಳು. ಉತ್ತರ ಬಂದಿತು. ಶಿಫಾರಸು ಪತ್ರ ಕೊಡುವ ಗುರುಗಳಿಗೂ ಕೊನೆಯ ವಾರದಲ್ಲಿ ಹೇಳಕೂಡದು. ಅರ್ಜಿಯ ಪ್ರತಿಯೊಡನೆ ತಿಂಗಳುಗಳ ಮುಂಚೆಯೇ ತಿಳಿಸಬೇಕು. ಯೂರೋಪಿನ ಮೇರಿ ಕ್ಯೂರಿ ಫೆಲೋಷಿಪ್ಪಿನಲ್ಲಿ ೧೦೦ಕ್ಕೆ ೫೦ ಅಂಶ ಸಂಶೋಧನೆಯ ಶ್ರೇಷ್ಠತೆಗೆ, ೩೦ ಅದರ ಪರಿಣಾಮಕ್ಕೆ, ೨೦ ಕಾರ್ಯಕ್ರಮದ ಅಚ್ಚುಕಟ್ಟಿಗೆ ಸಲ್ಲುತ್ತವೆ. ಎಲ್ಲಿಗೆ ಬರೆದರೂ ಅಲ್ಲಿಯ ತೂಕವನ್ನು ಮೊದಲು ತಿಳಿದು, ಪುಟಗಳನ್ನು ಅದಕ್ಕೆ ತಕ್ಕಂತೆ ಹಂಚಿಕೊಳ್ಳುವುದು ಜಾಣತನ.

ಒಂದು ಮಾತು ಉಳಿಯಿತು. ಆಕೆಯ ಜೀವನವೃತ್ತಾಂತದ ಪಟ್ಟಿಯಲ್ಲಿ ಒಂದು ವರ್ಷವು ಬರಿದಾಗಿತ್ತು. ಕೇಳಿದುದಕ್ಕೆ ಆಕೆ ಮಾತನಾಡಲಿಲ್ಲ. ತಾಯಿ ಒಳಗಿನಿಂದ ಬಂದು, "ನಾನು ಹಾಸಿಗೆ ಹಿಡಿದ ವರ್ಷ ಅದು. ಅವಳೇ ನೋಡಿಕೊಂಡಳು" ಎಂದರು. ಆ ವರ್ಷವನ್ನು ದೋಷವೆಂದು ಭಾವಿಸಿ ಮುಚ್ಚಿದ್ದಳು. ಮುಚ್ಚಿದ ಜಾಗವನ್ನು ಕಂಡವರು ಸೋಮಾರಿತನವೆಂದು ಊಹಿಸಬಹುದು. ಒಂದು ಸಾಲಿನಲ್ಲಿ ನಿಜವನ್ನು ಹೇಳಿದರೆ ಊಹೆಗೆ ಎಡೆಯಿಲ್ಲ. ಆ ಸಾಲನ್ನು ಆಕೆ ಅಂದೇ ಬರೆದಳು.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮನೆಯಲ್ಲಿ ಇಂಥ ಅರ್ಜಿ ಸಿದ್ಧವಾಗುತ್ತಿದ್ದರೆ, ಒಂದು ಸಂಜೆ ಬಿಡುವು ಮಾಡಿಕೊಂಡು ಅದನ್ನು ಓದಿಸಿ ಕೇಳಿರಿ. ವಿಷಯವು ನಿಮಗೆ ತಿಳಿಯದಿರಬಹುದು. ಆದರೆ ಏನು ಮಾಡುವುದು, ಏಕೆ, ಎಷ್ಟು ಕಾಲದಲ್ಲಿ ಎಂಬುದು ಮನೆಯವರಿಗೇ ತಿಳಿಯದಿದ್ದರೆ, ನೂರು ಅರ್ಜಿಗಳನ್ನು ನೋಡಿ ದಣಿದ ಪರೀಕ್ಷಕರಿಗೂ ತಿಳಿಯುವುದು ಕಷ್ಟ.

ಅರ್ಜಿಯು ಹೋಗಿದೆ, ಫಲಿತಾಂಶವು ಇನ್ನೂ ಬಂದಿಲ್ಲ. ಈಗ ನಾವು ಆ ಮನೆಗೆ ಹೋದರೆ "ಇನ್ನೂ ಓದುವುದಿದೆಯೇ?" ಎಂದು ಕೇಳುವುದಿಲ್ಲ. "ಮಳೆ ಹಿಡಿಯುವುದರೊಳಗೆ ಕಾಗದ ಬಂದೀತೇ?" ಎಂದು ಕೇಳುತ್ತೇವೆ.