ಮುಕ್ತ ತಂತ್ರಾಂಶದಲ್ಲಿ ಮೊದಲ ತಿದ್ದುಪಡಿ

ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಸಂಸ್ಕೃತ, ತಮಿಳು, ತೆಲುಗು ಗ್ರಂಥಗಳೊಡನೆ ಕನ್ನಡದ ಓಲೆಗರಿಗಳೂ ಸಂರಕ್ಷಿತವಾಗಿವೆ. ಹಿಂದಿನ ಲಿಪಿಕಾರರಲ್ಲಿ ಒಂದು ವಾಡಿಕೆಯಿತ್ತು. ಪ್ರತಿಯನ್ನು ಬರೆದು ಮುಗಿಸಿದ ಮೇಲೆ, ತನ್ನ ಕೈತಪ್ಪಿನಿಂದ ಅಕ್ಷರವೇನಾದರೂ ಬಿಟ್ಟುಹೋಗಿದ್ದರೆ ಬಲ್ಲವರು ತಿದ್ದಿ ಓದಬೇಕೆಂದು ಲಿಪಿಕಾರನು ಕಡೆಯಲ್ಲಿ ಬಿನ್ನವಿಸಿಕೊಳ್ಳುತ್ತಿದ್ದನು. ಓದುಗನು ತಿದ್ದುತ್ತಲೂ ಇದ್ದನು. ಆದರೆ ಆ ತಿದ್ದುಪಡಿ ಆ ಒಂದು ಕಟ್ಟಿನಲ್ಲಿಯೇ ಉಳಿಯುತ್ತಿತ್ತು. ಅದೇ ತಪ್ಪನ್ನು ಹೊತ್ತಿದ್ದ ಬೇರೆ ಊರಿನ ಪ್ರತಿಗಳಿಗೆ ಅದು ಮುಟ್ಟುತ್ತಿರಲಿಲ್ಲ. ತಿದ್ದುಪಡಿಯನ್ನು ಮೂಲಕ್ಕೆ ಹಿಂದಿರುಗಿಸಿ, ಅಲ್ಲಿಂದ ಸಮಸ್ತ ಪ್ರತಿಗಳಿಗೂ ಹರಿಯಿಸುವ ಏರ್ಪಾಡು ಅಂದು ಸಾಧ್ಯವಿರಲಿಲ್ಲ. ಆ ಏರ್ಪಾಡನ್ನು ನಮ್ಮ ಕಾಲದಲ್ಲಿ ಕಟ್ಟಿ ನಿಲ್ಲಿಸಿರುವವು ಮುಕ್ತ ತಂತ್ರಾಂಶದ ಸಮುದಾಯಗಳು.

ತಂತ್ರಾಂಶವೆಂದರೆ ಗಣಕಯಂತ್ರಕ್ಕೆ ಕೊಡುವ ಆದೇಶಗಳ ಸಮೂಹ. ಮನುಷ್ಯನು ಓದಬಲ್ಲ ರೂಪದಲ್ಲಿ ಅದನ್ನು ಬರೆದಾಗ ಅದಕ್ಕೆ ಆಕರವೆಂದು ಹೆಸರು. ಅನೇಕ ವ್ಯಾಪಾರಿ ಸಂಸ್ಥೆಗಳು ಆಕರವನ್ನು ಬಚ್ಚಿಟ್ಟು, ಯಂತ್ರವು ಮಾತ್ರ ಗ್ರಹಿಸಬಲ್ಲ ರೂಪವನ್ನು ಮಾರುತ್ತವೆ. ಇದಕ್ಕೆ ಪ್ರತಿಯಾಗಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಬಳಸುವ, ಓದಿ ಅರಿಯುವ, ತಿದ್ದುವ, ತಿದ್ದಿದುದನ್ನು ಹಂಚುವ ಹಕ್ಕು ಎಲ್ಲರಿಗೂ ಇರಬೇಕೆಂಬುದು ಅವರ ವಾದ. ಈ ಹಕ್ಕುಗಳನ್ನು ಕಾನೂನಿನ ಭಾಷೆಯಲ್ಲಿ ಕಾಪಾಡುವ ಪರವಾನಗಿ 1989ರಲ್ಲಿ ಸಿದ್ಧವಾಯಿತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸರು ಆರಂಭಿಸಿದ ಲಿನಕ್ಸ್ ಮುಂದೆ ಇದೇ ಪರವಾನಗಿಯ ಅಡಿಯಲ್ಲಿ ಬೆಳೆಯಿತು. ಇಲ್ಲಿ ಮುಕ್ತವೆಂದರೆ ಬಿಟ್ಟಿಯೆಂದಲ್ಲ, ಬಂಧನವಿಲ್ಲದ್ದು ಎಂದರ್ಥ.

ಹಕ್ಕು ಇದ್ದ ಮಾತ್ರಕ್ಕೆ ಕಾರ್ಯವು ನಡೆಯದು. ಅದಕ್ಕೆ ತಕ್ಕ ಉಪಕರಣ ಬೇಕು. 1985ರಲ್ಲಿ ಲ್ಯಾರಿ ವಾಲ್ ಅವರು ಪ್ಯಾಚ್ ಎಂಬ ಚಿಕ್ಕ ತಂತ್ರಾಂಶವನ್ನು ರಚಿಸಿದರು. ಸಾವಿರಾರು ಪಂಕ್ತಿಗಳ ಗ್ರಂಥದಲ್ಲಿ ಒಂದೇ ಪಂಕ್ತಿಯನ್ನು ತಿದ್ದಿದವನು ಇಡೀ ಗ್ರಂಥವನ್ನು ಕಳುಹಿಸಬೇಕಾಗಿಲ್ಲ. ಯಾವ ಪಂಕ್ತಿಯನ್ನು ತೆಗೆದು ಯಾವುದನ್ನು ಸೇರಿಸಲಾಗಿದೆಯೆಂಬ ವ್ಯತ್ಯಾಸವನ್ನಷ್ಟೇ ಕಳುಹಿಸಿದರೆ, ಪ್ಯಾಚ್ ಅದನ್ನು ಮೂಲದಲ್ಲಿ ಸರಿಯಾದ ಸ್ಥಳಕ್ಕೆ ಕೂಡಿಸುತ್ತದೆ. 2005ರಲ್ಲಿ ಟೊರ್ವಾಲ್ಡ್ಸರು ರಚಿಸಿದ ಗಿಟ್ ಈ ಪದ್ಧತಿಯನ್ನು ಇನ್ನಷ್ಟು ಸುಗಮಗೊಳಿಸಿತು. ಯಾರು, ಯಾವಾಗ, ಏನನ್ನು, ಯಾವ ಕಾರಣ ಹೇಳಿ ಬದಲಿಸಿದರೆಂಬುದು ಅದರಲ್ಲಿ ದಾಖಲಾಗುತ್ತದೆ. ಹೀಗಾಗಿ ಒಂದು ಅಲ್ಪವಿರಾಮವನ್ನು ಸರಿಪಡಿಸಿದವನ ಹೆಸರೂ ಆ ಕೃತಿಯ ಚರಿತ್ರೆಯಲ್ಲಿ ನಿಲ್ಲುತ್ತದೆ.

ಹೊಸಬನ ಮೊದಲ ಕಾಣಿಕೆ ಸಾಮಾನ್ಯವಾಗಿ ಸಣ್ಣದೇ ಆಗಿರುತ್ತದೆ. ಕೈಪಿಡಿಯ ಕಾಗುಣಿತದ ತಪ್ಪನ್ನು ತಿದ್ದುವುದು, ಅನುವಾದವಾಗದೆ ಉಳಿದ ಪದವನ್ನು ಅನುವಾದಿಸುವುದು, ಕಂಡ ದೋಷವನ್ನು ಕ್ರಮವಾಗಿ ವರದಿ ಮಾಡುವುದು, ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಹಲವು ಸಮುದಾಯಗಳು ಸುಲಭವಾದ ಕೆಲಸಗಳನ್ನು ಗುರುತಿಸಿ, ಹೊಸದಾಗಿ ಬರುವವರಿಗೆಂದೇ ಮೀಸಲಿಡುವುದುಂಟು. ಹೊಸಬನು ಮೂಲದ ಪ್ರತಿಯೊಂದನ್ನು ತೆಗೆದುಕೊಂಡು, ಅದರಲ್ಲಿ ತಿದ್ದಿ, ಕಾರಣವನ್ನು ವಿವರಿಸಿ ಒಪ್ಪಿಸುತ್ತಾನೆ. ಆ ಭಾಗದ ಹೊಣೆ ಹೊತ್ತ ನಿರ್ವಾಹಕನು ಅದನ್ನು ಪರಿಶೀಲಿಸಿ ಸೇರಿಸಿಕೊಳ್ಳುತ್ತಾನೆ, ಇಲ್ಲವೆ ಲೋಪವನ್ನು ತೋರಿಸಿ ಹಿಂದಿರುಗಿಸುತ್ತಾನೆ. ತಿದ್ದುವ ಹಕ್ಕು ಎಲ್ಲರದು. ಮೂಲಕ್ಕೆ ಸೇರಿಸುವ ಹೊಣೆ ಕೆಲವರದು. ಈ ವ್ಯವಸ್ಥೆಯ ಶಕ್ತಿಯೂ ಕಷ್ಟವೂ ಈ ಭೇದದಲ್ಲಿಯೇ ಅಡಗಿವೆ.

ಇಂತಹ ಸಣ್ಣ ಕೆಲಸದಿಂದ ಕನ್ನಡಕ್ಕೆ ಆಗುವ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕಾರ್ಯ, ಸೂರ್ಯ ಮೊದಲಾದ ಪದಗಳಲ್ಲಿ ರಕಾರವು ಅರ್ಕಾವತ್ತಾಗಿ ಯಕಾರದ ಬಲಕ್ಕೆ ಬರುತ್ತದೆ. ರ‍್ಯಾಲಿ, ರ‍್ಯಾಂಕು ಎಂಬ ಪದಗಳಲ್ಲಾದರೋ ರಕಾರವೇ ಮೇಲೆ ನಿಂತು ಯಕಾರವು ಒತ್ತಾಗುತ್ತದೆ. 1991ರಲ್ಲಿ ಪ್ರಕಟವಾದ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟ ಯುನಿಕೋಡ್ ಪದ್ಧತಿಯಲ್ಲಿ, ಎರಡು ಬಗೆಯ ಬರಹಕ್ಕೂ ಮುಖ್ಯವಾದ ಸಂಕೇತಗಳು ಅವೇ: ರ, ಹಲಂತದ ಚಿಹ್ನೆ, ಯ. ಭೇದವನ್ನು ತೋರಿಸಬೇಕಾದರೆ ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಕೂಡುಸಂಕೇತವನ್ನು ಇಡಬೇಕು. ಯಾವುದಾದರೂ ತಂತ್ರಾಂಶವು ಕಾಣದ್ದೆಲ್ಲ ವ್ಯರ್ಥವೆಂದು ಬಗೆದು ಆ ಸಂಕೇತವನ್ನು ಅಳಿಸಿಬಿಟ್ಟರೆ, ರ‍್ಯಾಲಿಯು ಅರ್ಕಾವತ್ತು ಹೊತ್ತು ರ್ಯಾಲಿಯಾಗುತ್ತದೆ. ತಂತ್ರಾಂಶವನ್ನು ಬರೆದವನು ಕನ್ನಡ ಬಲ್ಲವನಲ್ಲದಿದ್ದರೆ ಈ ದೋಷವು ಅವನ ಕಣ್ಣಿಗೆ ಎಂದಿಗೂ ಬೀಳದು.

ಇಲ್ಲಿ ಬೇಕಾದುದು ಗಣಿತದ ಪಾಂಡಿತ್ಯವಲ್ಲ, ಕನ್ನಡದ ಓದು. ಯಾವ ಪದ, ಯಾವ ಅಕ್ಷರವಿನ್ಯಾಸ, ತಂತ್ರಾಂಶದ ಯಾವ ಆವೃತ್ತಿ, ಏನು ಕಾಣುತ್ತಿದೆ, ಏನು ಕಾಣಬೇಕಾಗಿತ್ತು ಎಂಬ ಐದು ವಿಷಯಗಳನ್ನು ಸ್ಪಷ್ಟವಾಗಿ ಬರೆದು ಕಳುಹಿಸಿದರೆ ಅದೇ ಒಂದು ಪೂರ್ಣವಾದ ಕಾಣಿಕೆ. ‘ಕನ್ನಡ ಸರಿಯಾಗಿ ಬರುವುದಿಲ್ಲ’ ಎಂಬಷ್ಟೇ ಮಾತು ದೂರಾಗುತ್ತದೆಯೇ ಹೊರತು ವರದಿಯಾಗುವುದಿಲ್ಲ.

ಇಂತಹ ತಿದ್ದುಪಡಿ ಹರಿಯುವ ಮಾರ್ಗವನ್ನೂ ಗಮನಿಸಬೇಕು. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಸ್ವಯಂಸೇವಕರ ಯೋಜನೆಯು ಸಾವಿರಾರು ಮುಕ್ತ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುತ್ತದೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರವಿನ್ಯಾಸಗಳೂ ಅದರಲ್ಲಿ ಸೇರಿವೆ. ಮುಕ್ತ ತಂತ್ರಾಂಶಕ್ಕಾಗಿ ಒಂದು ರಾಷ್ಟ್ರೀಯ ಸಂಪನ್ಮೂಲ ಕೇಂದ್ರವು 2005ರಲ್ಲಿ ಚೆನ್ನೈಯಲ್ಲಿ ಸ್ಥಾಪಿತವಾಯಿತು. ಸಿ-ಡ್ಯಾಕ್ ಸಂಸ್ಥೆಯೂ ಅಣ್ಣಾ ವಿಶ್ವವಿದ್ಯಾನಿಲಯದ ಎ.ಯು.-ಕೆ.ಬಿ.ಸಿ. ಸಂಶೋಧನಾ ಕೇಂದ್ರವೂ ಅದರಲ್ಲಿ ಕೈಗೂಡಿಸಿದುವು. ಆ ಪ್ರಯತ್ನದಿಂದ 2007ರಲ್ಲಿ ಹೊರಬಂದ ಬಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಡೆಬಿಯನ್ನೇ ತಳಹದಿ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಬಳಕೆ ಅದರ ಉದ್ದೇಶಗಳಲ್ಲೊಂದು. ಮೇಲಿನ ಕಾಲುವೆಯಲ್ಲಿ ತಿಳಿಯಾದ ನೀರು ಕೆಳಗಿನ ಗದ್ದೆಗೂ ತಿಳಿಯಾಗಿಯೇ ಇಳಿಯುವಂತೆ, ಮೂಲದಲ್ಲಿ ಆದ ತಿದ್ದುಪಡಿ ಕಾಲಕ್ರಮದಲ್ಲಿ ಇಂತಹ ವ್ಯವಸ್ಥೆಗಳನ್ನೂ ತಲುಪಬಲ್ಲದು.

ಆದರೆ ಈ ಲೋಕದ ನಡವಳಿಕೆ ಯಾವಾಗಲೂ ಸೌಮ್ಯವಾಗಿರಲಿಲ್ಲವೆಂಬುದನ್ನು ಮರೆಮಾಚಲಾಗದು. ಲಿನಕ್ಸಿನ ಪರಿಶೀಲನೆಯಲ್ಲಿ ಕಟುನುಡಿಗೆ ಬಹುಕಾಲ ಅಡೆತಡೆಯಿರಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಟೊರ್ವಾಲ್ಡ್ಸರು ತಮ್ಮ ಕಠಿಣ ಮಾತುಗಳಿಗಾಗಿ ಕ್ಷಮೆ ಕೋರಿ ಕೆಲಕಾಲ ಕಾರ್ಯದಿಂದ ದೂರ ನಿಂತರು. ಅದೇ ಸಮಯದಲ್ಲಿ ಲಿನಕ್ಸ್ ಸಮುದಾಯವು ಹೊಸ ನಡವಳಿಕೆಯ ಸಂಹಿತೆಯೊಂದನ್ನು ಅಂಗೀಕರಿಸಿತು. ಮೊದಲ ಬಾರಿಗೆ ಬಂದವನು ತಿರಸ್ಕಾರಕ್ಕೆ ಗುರಿಯಾದರೆ ಮತ್ತೆ ಬರುವುದು ಕಷ್ಟ. ಅವನೊಡನೆ ಅವನ ಭಾಷೆಯ ಅರಿವೂ ಹೊರಗುಳಿಯುತ್ತದೆ.

ಇದರ ಮತ್ತೊಂದು ಮುಖವೂ ಉಂಟು. ಪ್ರತಿ ವರ್ಷ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶಕ್ಕೆ ಕಾಣಿಕೆಗಳನ್ನು ಪ್ರೋತ್ಸಾಹಿಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮ 2014ರಲ್ಲಿ ಆರಂಭವಾಯಿತು. ಗೊತ್ತಾದ ಸಂಖ್ಯೆಯ ತಿದ್ದುಪಡಿಗಳನ್ನು ಒಪ್ಪಿಸಿದವರಿಗೆ ಒಂದು ಟೀ-ಶರ್ಟು ಬಹುಮಾನವಾಗಿತ್ತು. 2020ರಲ್ಲಿ ಬಹುಮಾನದ ಆಸೆಯಿಂದ ಅರ್ಥವಿಲ್ಲದ ತಿದ್ದುಪಡಿಗಳು ಪ್ರವಾಹದಂತೆ ನುಗ್ಗಿದುವು. ಸರಿಯಾಗಿದ್ದ ವಾಕ್ಯಕ್ಕೆ ಹೊಗಳಿಕೆಯ ಪದವೊಂದನ್ನು ಅಂಟಿಸಿ ಕಳುಹಿಸಿದವರೂ ಇದ್ದರು. ನಿರ್ವಾಹಕರು ಬೇಸತ್ತು ಪ್ರತಿಭಟಿಸಲು, ಒಪ್ಪಿಗೆ ಸೂಚಿಸಿದ ಯೋಜನೆಗಳನ್ನು ಮಾತ್ರ ಗಣಿಸುವಂತೆ ಕೆಲವೇ ದಿನಗಳಲ್ಲಿ ನಿಯಮವನ್ನು ಬದಲಿಸಬೇಕಾಯಿತು. ಗಾತ್ರದಲ್ಲಿ ಈ ತಿದ್ದುಪಡಿಗಳಿಗೂ ಒಳ್ಳೆಯ ತಿದ್ದುಪಡಿಗಳಿಗೂ ಭೇದವಿರಲಿಲ್ಲ. ತಪ್ಪನ್ನು ಕಂಡು ತಿದ್ದಲು ಹೊರಟವನು ಒಬ್ಬ. ತಿದ್ದಿದೆನೆನ್ನಿಸಿಕೊಳ್ಳಲು ತಪ್ಪನ್ನು ಹುಡುಕಿದವನು ಇನ್ನೊಬ್ಬ.

ಇದಕ್ಕಿಂತ ಗಂಭೀರವಾದ ಪ್ರಸಂಗ 2024ರಲ್ಲಿ ಬೆಳಕಿಗೆ ಬಂದಿತು. ದತ್ತಾಂಶವನ್ನು ಅಡಕಗೊಳಿಸುವ ಎಕ್ಸ್‌ಝೆಡ್ ಎಂಬ ತಂತ್ರಾಂಶವನ್ನು ಬಹುಕಾಲ ಒಬ್ಬರೇ ಸ್ವಯಂಸೇವೆಯಿಂದ ನೋಡಿಕೊಳ್ಳುತ್ತಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ 2021ರಿಂದ ಒಬ್ಬರು ಸಣ್ಣ ಸಣ್ಣ ತಿದ್ದುಪಡಿಗಳನ್ನು ಕಳುಹಿಸುತ್ತ, ಕ್ರಮೇಣ ವಿಶ್ವಾಸ ಗಳಿಸಿ ಸಹನಿರ್ವಾಹಕರಾದರು. ಕಡೆಗೆ 2024ರ ಆವೃತ್ತಿಗಳಲ್ಲಿ, ಪರರ ಯಂತ್ರಗಳನ್ನು ಹೊಗಲು ಕಳ್ಳದಾರಿಯೊಂದು ಅಡಗಿ ಬಂದಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ಯಂತ್ರವನ್ನು ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿರುವುದನ್ನು ಗಮನಿಸಿ, ಕಾರಣವನ್ನು ಹುಡುಕುತ್ತ ಹೋಗಿ ಮಾರ್ಚ್ 29ರಂದು ಅದನ್ನು ಬಯಲುಮಾಡಿದರು. ಸಣ್ಣ ಕಾಣಿಕೆಗಳಿಂದ ಬೆಳೆದ ವಿಶ್ವಾಸವನ್ನೇ ಕೇಡಿಗೆ ಬಳಸಲಾಗಿತ್ತು. ಸಣ್ಣ ವ್ಯತ್ಯಾಸವನ್ನು ಅಲಕ್ಷಿಸದ ಒಂದು ಕಣ್ಣು ಆ ಕೇಡನ್ನು ತಡೆಯಿತು.

ಆದುದರಿಂದ ಮೊದಲ ಕಾಣಿಕೆಯ ಬೆಲೆಯನ್ನು ಪಂಕ್ತಿಗಳ ಎಣಿಕೆಯಿಂದ ಅಳೆಯಲಾಗದು. ಕೊಡುವವನು ತಾನು ಪರೀಕ್ಷಿಸಿ ನೋಡಿದುದನ್ನೇ ಕೊಡಬೇಕು, ಪರಿಶೀಲಿಸುವವನ ಸಮಯವನ್ನು ಗೌರವಿಸಬೇಕು. ಕೊಳ್ಳುವವನು ಲೋಪವನ್ನು ತೋರಿಸುವಾಗಲೂ ವ್ಯಕ್ತಿಯನ್ನು ನೋಯಿಸಬಾರದು, ಸೌಜನ್ಯಕ್ಕೆ ಕಟ್ಟುಬಿದ್ದು ಪರಿಶೀಲನೆಯನ್ನು ಸಡಿಲಿಸಲೂಬಾರದು. ಈ ಎರಡು ಕರ್ತವ್ಯಗಳೂ ಕೂಡಿದಲ್ಲಿ ಅಪರಿಚಿತರ ನಡುವೆ ನಂಬಿಕೆ ಬೆಳೆಯುತ್ತದೆ.

ತಾಯ್ನಾಡಿನಿಂದ ದೂರದಲ್ಲಿರುವ ಕನ್ನಡಿಗರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಚೆನ್ನೈಯಂತಹ ನಗರದಲ್ಲಿ ಅವರ ಮಕ್ಕಳಿಗೆ ಬೀದಿಯ ಫಲಕಗಳಲ್ಲಿ ಕನ್ನಡ ಕಾಣಸಿಗದು. ಅವರು ಕಾಣುವ ಕನ್ನಡದ ಬಹುಭಾಗ ಯಂತ್ರದ ತೆರೆಯ ಮೇಲಿನದು. ಆ ತೆರೆಯಲ್ಲಿ ಒತ್ತು ತಪ್ಪಿದರೆ, ಆ ತಪ್ಪೇ ಅವರಿಗೆ ಕನ್ನಡವಾಗುವ ಅಪಾಯವುಂಟು. ಅದನ್ನು ಕಂಡು ಸುಮ್ಮನಿರದೆ ಮೂಲದವರೆಗೆ ಮುಟ್ಟಿಸುವ ಕೆಲಸಕ್ಕೆ ಒಂದು ಸಂಜೆಯ ಬಿಡುವು ಸಾಕು. ಅದರ ಫಲವು ಮಾತ್ರ ಆ ತಂತ್ರಾಂಶದಲ್ಲಿ ಕನ್ನಡ ಓದುವ ಸಕಲರಿಗೂ ಸಲ್ಲುತ್ತದೆ.