ತಾಯಿ ಇಲ್ಲದ ಮೊಲದ ಮರಿ: ಹಾಲಿಗಿಂತ ಮೊದಲು ಬಿಸುಪು

ಸಾಕುಮೊಲದ ಮರಿ ಹುಟ್ಟುವಾಗ ಅದರ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ತೆರೆದಿರುವುದಿಲ್ಲ, ಕಿವಿಯೂ ಕೇಳಿಸುವುದಿಲ್ಲ; ಸುಮಾರು 31 ದಿನ ಗರ್ಭದಲ್ಲಿದ್ದು ಹೊರಬರುವ ಅದರ ತೂಕ, ತಳಿಗೆ ತಕ್ಕಂತೆ, ಸಾಮಾನ್ಯವಾಗಿ 30ರಿಂದ 80 ಗ್ರಾಂ ಮಾತ್ರ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ಊರುಗಳಲ್ಲಿ ಮಕ್ಕಳ ಹಟಕ್ಕೆ ಜೋಡಿ ಮೊಲ ತಂದು ಸಾಕಿದ ಮನೆಗಳಲ್ಲಿ, ಮರಿ ಹಾಕಿದ ಹೆಣ್ಣುಮೊಲ ನಾಯಿಯ ಪಾಲಾದರೆ ಅಥವಾ ಕಾಯಿಲೆಯಿಂದ ಸತ್ತರೆ, ಈ ಜೀವಗಳನ್ನು ಉಳಿಸುವ ಹೊಣೆ ಮನೆಯವರ ಮೇಲೆ ಬೀಳುತ್ತದೆ.

ಆದರೆ ಮರಿ ನಿಜವಾಗಿ ತಬ್ಬಲಿಯೇ ಎಂಬುದನ್ನು ಮೊದಲು ನೋಡಬೇಕು. ತಾಯಿಮೊಲ ಕೋಳಿಯಂತೆ ಮರಿಗಳ ಮೇಲೆ ಕಾವು ಕೂರುವುದಿಲ್ಲ. ದಿನಕ್ಕೆ ಸಾಮಾನ್ಯವಾಗಿ ಒಂದೇ ಬಾರಿ, ಅದೂ ರಾತ್ರಿ ಇಲ್ಲವೇ ನಸುಕಿನಲ್ಲಿ, ಮೂರರಿಂದ ಐದು ನಿಮಿಷ ಹಾಲೂಡಿಸಿ ದೂರ ಸರಿಯುತ್ತದೆ. ಇದನ್ನು ತಿಳಿಯದವರು ತಾಯಿ ಕೈಬಿಟ್ಟಿತೆಂದು ಭಾವಿಸಿ ಮರಿಗಳನ್ನು ಎತ್ತಿಕೊಂಡು ಹೋಗುವುದುಂಟು. ಬೆಳಿಗ್ಗೆ ಮರಿಯನ್ನು ಅಂಗೈಯಲ್ಲಿಟ್ಟು ನೋಡಿದರೆ ಸಂಗತಿ ತಿಳಿಯುತ್ತದೆ: ಹಾಲು ಕುಡಿದ ಮರಿಯ ಹೊಟ್ಟೆ ದುಂಡಗೆ ಬಿಗಿಯಾಗಿರುತ್ತದೆ, ತೆಳುಚರ್ಮದ ಕೆಳಗೆ ಹಾಲಿನ ಬಿಳುಪೂ ಕಾಣುತ್ತದೆ, ಹಸಿದ ಮರಿಯ ಹೊಟ್ಟೆ ಒಳಸರಿದು ಚರ್ಮ ಸುಕ್ಕುಗಟ್ಟಿರುತ್ತದೆ.

ತಾಯಿ ಇಲ್ಲವೆಂದು ಖಚಿತವಾದಾಗ ಮೊದಲು ಬೇಕಾದದ್ದು ಹಾಲಲ್ಲ, ಬಿಸುಪು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಹಾಸನದಲ್ಲಿ ಮಾಗಿಯ ರಾತ್ರಿಗಳು ತಣ್ಣಗಿರುತ್ತವೆ, ಆದರೆ ಕೂದಲಿಲ್ಲದ ಮರಿಗೆ ಮೊದಲ ವಾರ ಗೂಡಿನೊಳಗೆ ಸುಮಾರು 30ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ರಟ್ಟಿನ ಪೆಟ್ಟಿಗೆಯಲ್ಲಿ ಒಣಹುಲ್ಲು ಹಾಸಿ, ತಾಯಿ ಕಿತ್ತಿಟ್ಟ ತುಪ್ಪಳ ಸಿಕ್ಕರೆ ಅದನ್ನೂ ಹೊದಿಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಮಗ್ಗುಲಿಗೆ ಮಾತ್ರ ಇಟ್ಟರೆ, ಸೆಕೆಯಾದ ಮರಿ ಇನ್ನೊಂದು ಮಗ್ಗುಲಿಗೆ ಸರಿಯಬಲ್ಲದು. ಮೈ ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲವಾದ್ದರಿಂದ ಅದನ್ನು ಬೆಚ್ಚಗಾಗಿಸುವ ತನಕ ಒಂದು ಹನಿಯನ್ನೂ ಬಾಯಿಗೆ ಬಿಡಬಾರದು.

ಪರಿಚಯದವರ ಮನೆಯಲ್ಲಿ ಒಂದೆರಡು ದಿನಗಳ ಅಂತರದಲ್ಲಿ ಮರಿ ಹಾಕಿದ ಮೊಲವಿದ್ದರೆ ಮರಿಗಳನ್ನು ಅದರ ಗೂಡಿಗೆ ಸೇರಿಸುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಮೊಲ ಸಾಕಣೆಯ ಫಾರಂಗಳಲ್ಲಿ ಇದು ರೂಢಿಯಲ್ಲಿರುವ ಕ್ರಮ. ಅದು ಸಾಧ್ಯವಾಗದಾಗ ಮನೆಯವರ ಕೈ ಹೋಗುವುದು ಹಾಲಿನ ಪ್ಯಾಕೆಟ್ಟಿಗೆ. ಮೊಲದ ಹಾಲಿನಲ್ಲಿ ಕೊಬ್ಬು ನೂರಕ್ಕೆ ಸುಮಾರು 12ರಷ್ಟಿದ್ದು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬಹಳ ಕಡಿಮೆ. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ ಮೂರು, ಲ್ಯಾಕ್ಟೋಸ್ ಹೆಚ್ಚು. ಮನುಷ್ಯರಿಗೆ ಒಳ್ಳೆಯದಾದ ಈ ಹಾಲು ಮರಿಯ ಹೊಟ್ಟೆ ಕೆಡಿಸುತ್ತದೆ, ಬೇಕಾದಷ್ಟು ಕಸುವನ್ನೂ ಕೊಡುವುದಿಲ್ಲ. ಬೆಕ್ಕಿನ ಮರಿಗಳಿಗೆಂದು ಮಾರುವ ಹಾಲಿನ ಪುಡಿ, ಅದು ಸಿಗದಿದ್ದರೆ ಹಳ್ಳಿಗಳಲ್ಲಿ ದೊರೆಯುವ ಮೇಕೆಹಾಲು, ಇವಕ್ಕೆ ಸಕ್ಕರೆ ಹಾಕದ ಕೆನೆಯನ್ನು ತುಸು ಬೆರೆಸಿ ಕೊಡುವುದು ಲೇಸು. ನವಜಾತ ಮರಿಗೆ ಇಡೀ ದಿನಕ್ಕೆ 5 ಮಿಲಿಲೀಟರ್, ಒಂದು ವಾರದ ಮರಿಗೆ 12ರಿಂದ 15, ಎರಡು ವಾರಕ್ಕೆ 25ರ ಆಸುಪಾಸು, ಮೂರು ವಾರದ ನಂತರ 30 ಮಿಲಿಲೀಟರ್ ಎಂಬುದು ಸ್ಥೂಲ ಲೆಕ್ಕ. ಇದನ್ನು ಎರಡು ಹೊತ್ತಿಗೆ ಹಂಚಿದರೆ ಸಾಕು. ಗಂಟೆಗೊಮ್ಮೆ ಹಾಲು ಹಾಕುವ ಅಕ್ಕರೆಯಿಂದ ಮರಿಗೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು.

ಹಾಲೂಡಿಸುವಾಗ ಮರಿಯನ್ನು ಅಂಗಾತ ಮಲಗಿಸದೆ ನೆಟ್ಟಗೆ ಹಿಡಿದು, ಸೂಜಿ ತೆಗೆದ ಸಣ್ಣ ಸಿರಿಂಜಿನಿಂದ ಉಗುರುಬೆಚ್ಚಗಿನ ಹಾಲನ್ನು ಹನಿಹನಿಯಾಗಿ ತುಟಿಗೆ ಸೋಕಿಸಬೇಕು. ಹಾಲು ಮೂಗಿನಿಂದ ಬಂದರೆ ಅದು ಶ್ವಾಸಕೋಶಕ್ಕೂ ಇಳಿದಿರಬಹುದು. ನ್ಯುಮೋನಿಯಾದಿಂದ ಮರಿಗಳು ಸಾಯುವುದು ಹೆಚ್ಚಾಗಿ ಹೀಗೆ. ಮರಿ ತಾನಾಗಿ ಮೂತ್ರ ವಿಸರ್ಜಿಸಲಾರದಾದ್ದರಿಂದ, ತಾಯಿ ನೆಕ್ಕಿ ಮಾಡುವ ಕೆಲಸವನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ, ಕಣ್ಣು ಬಿಡುವ 10-12ನೇ ದಿನದವರೆಗಾದರೂ, ಪ್ರತಿ ಹೊತ್ತೂ ಮಾಡಬೇಕು.

ಕಣ್ಣು ಬಿಟ್ಟ ಮೇಲೆ ಮರಿ ಒಣಹುಲ್ಲನ್ನು ಕಚ್ಚತೊಡಗುತ್ತದೆ. ಸಣ್ಣ ಮತ್ತು ದೊಡ್ಡ ಕರುಳು ಸೇರುವಲ್ಲಿರುವ ಕುರುಡುಕರುಳೆಂಬ ಚೀಲದಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಮನೆಮಾಡಬೇಕಾದ ಕಾಲವಿದು. ತಾಯಿಯ ಮೆತ್ತನೆಯ ಹಿಕ್ಕೆ ತಿಂದು ಮರಿಗಳು ಅವನ್ನು ಪಡೆಯುತ್ತವೆ. ತಬ್ಬಲಿ ಮರಿಗೆ ಆರೋಗ್ಯವಂತ ದೊಡ್ಡ ಮೊಲದ ಅಂಥ ಹಿಕ್ಕೆಯನ್ನು ಸ್ವಲ್ಪ ಕೊಡುವುದು ಅಸಹ್ಯವೆನಿಸಿದರೂ ಶಾಸ್ತ್ರೀಯವಾದ ಉಪಾಯ. ಹಸಿರು ಮೇವಿನಲ್ಲಿ ಗರಿಕೆಯನ್ನು ಆಮೇಲೆ ಸ್ವಲ್ಪಸ್ವಲ್ಪವಾಗಿ ರೂಢಿಸಬಹುದು. ಈ ಸೀಮೆಯ ಹೊಲಗಳಲ್ಲಿ ಹೇರಳವಾಗಿರುವ ಆಲೂಗಡ್ಡೆಯ ಸೊಪ್ಪು ವಿಷಕಾರಿ. ಬಾಯಿಯ ಮೂಲಕ ಕೊಡುವ ಅಮಾಕ್ಸಿಸಿಲಿನ್‌ನಂಥ ಔಷಧಿಗಳು ಮೊಲದ ಕರುಳಿನ ಸೂಕ್ಷ್ಮಜೀವಿಗಳನ್ನು ಬುಡಮೇಲು ಮಾಡಿ ಜೀವ ತೆಗೆಯಬಲ್ಲವಾದ್ದರಿಂದ, ಮನೆಯಲ್ಲಿರುವ ಮಾತ್ರೆ ಪುಡಿಮಾಡಿ ಕೊಡುವುದಕ್ಕಿಂತ ತಾಲ್ಲೂಕಿನ ಪಶು ಆಸ್ಪತ್ರೆಗೋ ಹಾಸನದ ಪಶುವೈದ್ಯಕೀಯ ಕಾಲೇಜಿಗೋ ಒಯ್ಯುವುದು ಸರಿ.

ರಾಗಿ ಹೊಲದಲ್ಲಿ ಸಿಗುವ ಮರಿಯ ಮಾತು ಬೇರೆ. ಅದು ಕಾಡುಮೊಲದ್ದು, ಮೈತುಂಬ ಕೂದಲು, ತೆರೆದ ಕಣ್ಣು ಹೊತ್ತೇ ಹುಟ್ಟುವ ಅದು ಒಂಟಿಯಾಗಿ ಅಡಗಿ ಕೂತು ತಾಯಿಯನ್ನು ಕಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಸಾಕುವುದು ಅಪರಾಧ. ಗಾಯವಿಲ್ಲದಿದ್ದರೆ ಸಿಕ್ಕಿದ ಜಾಗದಲ್ಲೇ ಬಿಟ್ಟು ಬರಬೇಕು, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.